ನೀರಿನೊಳಗಿನ ಕ್ಯಾಮೆರಾ ಹೌಸಿಂಗ್ ಸೋರದಂತೆ ಕಾಪಾಡುವುದು

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿ ಹೊರಟ ಬೆಳಿಗ್ಗೆ, ಕ್ಯಾಮೆರಾ ತಂದವರಲ್ಲಿ ಒಬ್ಬರಾದರೂ ಅಲೆಗೆ ಓಲಾಡುವ ದೋಣಿಯಲ್ಲೇ ಹೌಸಿಂಗ್ (ನೀರು ತಾಗದಂತೆ ಕ್ಯಾಮೆರಾವನ್ನು ಇಡುವ ಪೆಟ್ಟಿಗೆ) ತೆರೆದು, ಬ್ಯಾಟರಿ ಬದಲಿಸಿ, ಒದ್ದೆ ಕೈಯಲ್ಲೇ ಮತ್ತೆ ಮುಚ್ಚುವುದನ್ನು ಹಲವು ಸಲ ನೋಡಿದ್ದೇನೆ. ಹೌಸಿಂಗ್ ಸೋರಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಆ ಗಳಿಗೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಹೌಸಿಂಗನ್ನು ಸಜ್ಜುಗೊಳಿಸುವ ಕೆಲಸವನ್ನು ಹಿಂದಿನ ರಾತ್ರಿ, ಒಳ್ಳೆಯ ಬೆಳಕಿರುವ ಒಣ ಮೇಜಿನ ಮೇಲೆ, ಯಾರೊಡನೆಯೂ ಮಾತನಾಡದೆ ಮಾಡಿ ಮುಗಿಸಬೇಕು.

ಮೊದಲು ಓ-ರಿಂಗ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯೋಣ. ಅದು ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟಿನ ಹತ್ತಿರದ ಸಂಬಂಧಿ. ಮುಚ್ಚಳ ಮತ್ತು ಪೆಟ್ಟಿಗೆಯ ನಡುವಿನ ತೋಡಿನಲ್ಲಿ ಕುಳಿತ ಈ ರಬ್ಬರಿನ ಬಳೆ, ಚಿಲಕ ಹಾಕಿದಾಗ ಸ್ವಲ್ಪ ಚಪ್ಪಟೆಯಾಗಿ ಎರಡೂ ಬದಿಗೆ ಅಂಟಿಕೊಳ್ಳುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಮಿನಷ್ಟು ಒತ್ತಡ ಹೆಚ್ಚುತ್ತಾ ಹೋಗುತ್ತದೆ. ಈ ಒತ್ತಡವೇ ಮುಚ್ಚಳವನ್ನೂ ಬಳೆಯನ್ನೂ ಇನ್ನಷ್ಟು ಬಿಗಿಯಾಗಿ ಅಮುಕುವುದರಿಂದ, ಸರಿಯಾಗಿ ಕುಳಿತ ಓ-ರಿಂಗ್ ಆಳಕ್ಕೆ ಹೋದಂತೆ ಹೆಚ್ಚು ಭದ್ರವಾಗುತ್ತದೆ. ನೀರಿನ ಮೇಲ್ಭಾಗದಲ್ಲಿ ಮಾತ್ರ ಆ ನೆರವು ಇರುವುದಿಲ್ಲ. ಅಲ್ಲಿ ಚಿಲಕದ ಬಿಗಿಯೊಂದೇ ಆಧಾರ. ಅನೇಕ ಕ್ಯಾಮೆರಾಗಳು ಮೊದಲ ಕೆಲವು ಮೀಟರುಗಳಲ್ಲೇ, ಕೆಲವೊಮ್ಮೆ ದೋಣಿಯ ಮೇಲಿನ ನೀರಿನ ತೊಟ್ಟಿಯಲ್ಲೇ ನೀರು ಕುಡಿಯುವುದಕ್ಕೆ ಇದು ಕಾರಣ. ನನ್ನ ಮೊದಲ ಹೌಸಿಂಗಿಗೆ ನೀರು ನುಗ್ಗಿದ್ದು ಮೂರು ಮೀಟರಿನಲ್ಲಿ. ಒಳಗೆ ಸಿಕ್ಕಿದ್ದು ಬೈರಾಸಿನ ಒಂದೇ ಒಂದು ನೂಲೆಳೆ, ಓ-ರಿಂಗಿನ ಮೇಲೆ ಅಡ್ಡಲಾಗಿ ಬಿದ್ದಿತ್ತು.

ಆ ಎಳೆಯನ್ನು ತಡೆಯುವ ಕ್ರಮ ಹೀಗಿದೆ. ಕೈಗಳನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ. ಕೂದಲು ಉದ್ದವಿದ್ದರೆ ಕಟ್ಟಿಕೊಳ್ಳಿ. ಓ-ರಿಂಗನ್ನು ತೋಡಿನಿಂದ ತೆಗೆಯಲು ಸೂಜಿ, ಪಿನ್ನು, ಚಾಕುವಿನ ತುದಿಯನ್ನು ಎಂದಿಗೂ ಬಳಸಬೇಡಿ. ಎರಡು ಹೆಬ್ಬೆರಳುಗಳಿಂದ ಬಳೆಯನ್ನು ಎದುರುಬದುರಾಗಿ ತಳ್ಳಿದರೆ ನಡುವೆ ಒಂದು ಮಡಿಕೆ ಮೇಲೇಳುತ್ತದೆ, ಅದನ್ನು ಹಿಡಿದು ಎತ್ತಬಹುದು. ಏಳದಿದ್ದರೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಮೂಲೆ ಸಾಕು. ತೆಗೆದ ಬಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎಳೆಯದೆ, ಮೆಲ್ಲನೆ ಜಾರಿಸುತ್ತಾ ಪೂರ್ತಿ ಒಂದು ಸುತ್ತು ಬನ್ನಿ. ಕಣ್ಣಿಗೆ ಕಾಣದ ಸೀಳು, ಮರಳಿನ ಕಣ, ಒಣಗಿದ ಉಪ್ಪಿನ ಹರಳು ಬೆರಳಿಗೆ ತಾಗದೆ ಇರುವುದಿಲ್ಲ. ಸಣ್ಣ ಸೀಳು ಕಂಡರೂ ಆ ಬಳೆಯನ್ನು ಎಸೆದುಬಿಡಿ. ಬಿಡಿ ಓ-ರಿಂಗ್ ಒಂದು ಯಾವಾಗಲೂ ಚೀಲದಲ್ಲಿರಬೇಕು, ಅದು ನಿಮ್ಮ ಮಾದರಿಗೆಂದೇ ತಯಾರಿಸಿದ್ದಾಗಿರಬೇಕು.

ತೋಡನ್ನು ಎಳೆ ಬಿಡದ ಬಟ್ಟೆಯಿಂದ, ಕನ್ನಡಕ ಒರೆಸುವಂಥದ್ದರಿಂದ, ಒರೆಸಿರಿ. ಕಿವಿಗೆ ಬಳಸುವ ಹತ್ತಿಯ ಕಡ್ಡಿ ಅನುಕೂಲವೆನಿಸಿದರೂ ಅದು ತಾನೇ ಎಳೆ ಬಿಡುತ್ತದೆ. ಮುಚ್ಚಳ ಬಂದು ಕೂರುವ ಎದುರಿನ ಅಂಚನ್ನು ಹೆಚ್ಚಿನವರು ಮರೆಯುತ್ತಾರೆ. ಅದೂ ತೋಡಿನಷ್ಟೇ ಶುಚಿಯಾಗಿರಬೇಕು, ಅಲ್ಲಿ ಗೀರುಗಳಿರಬಾರದು.

ಗ್ರೀಸಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಹೌಸಿಂಗುಗಳು ಕೆಟ್ಟಿವೆ. ನೀರನ್ನು ತಡೆಯುವುದು ರಬ್ಬರು, ಗ್ರೀಸ್ ಅಲ್ಲ. ಬಳೆಯು ತಿರುಚಿಕೊಳ್ಳದೆ ತೋಡಿನಲ್ಲಿ ಜಾರಿ ತನ್ನ ಜಾಗಕ್ಕೆ ಬಂದು ಕೂರಲಿ ಎಂಬಷ್ಟಕ್ಕೇ ಗ್ರೀಸ್ ಬೇಕು. ಅವರೆಕಾಳಿನ ಗಾತ್ರದ್ದು ಬೇಡವೇ ಬೇಡ, ಸಾಸಿವೆಕಾಳಿನಷ್ಟು ಸಾಕು. ಹಚ್ಚಿದ ಮೇಲೆ ಬಳೆ ಹೊಳೆಯಬೇಕೇ ಹೊರತು ಅದರ ಮೇಲೆ ಗಡ್ಡೆಗಟ್ಟಿ ನಿಲ್ಲಬಾರದು. ಹೆಚ್ಚಾದ ಗ್ರೀಸ್ ಮರಳನ್ನೂ ಕೂದಲನ್ನೂ ಸೆಳೆದು ಹಿಡಿದಿಟ್ಟುಕೊಳ್ಳುತ್ತದೆ. ಹೌಸಿಂಗ್ ತಯಾರಿಸಿದವರು ಕೊಟ್ಟ ಗ್ರೀಸನ್ನೇ ಬಳಸಬೇಕು, ಏಕೆಂದರೆ ನೈಟ್ರೈಲ್ ರಬ್ಬರಿಗೆ ಹೊಂದುವ ಸಿಲಿಕೋನ್ ಗ್ರೀಸ್ ಸಿಲಿಕೋನಿನಿಂದಲೇ ಮಾಡಿದ ಬಳೆಯನ್ನು ಉಬ್ಬಿಸಿ ಕೆಡಿಸಬಲ್ಲದು. ವ್ಯಾಸಲೀನ್, ತೆಂಗಿನೆಣ್ಣೆ ಯಾವುದೂ ಇದಕ್ಕೆ ಬದಲಿಯಲ್ಲ. ಇನ್ನು ಕೆಲವು ಮಾದರಿಗಳಲ್ಲಿ ಬಳೆಗೆ ಗ್ರೀಸ್ ಹಚ್ಚಲೇಬಾರದೆಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಅದನ್ನು ಮೊದಲೇ ಓದಿಕೊಳ್ಳಿ.

ಮುಚ್ಚುವಾಗ ಮುಚ್ಚಳವನ್ನು ನೇರವಾಗಿ ಇಳಿಸಿ, ಎರಡೂ ಬದಿಗೆ ಸಮನಾಗಿ ಒತ್ತಿ ಚಿಲಕ ಹಾಕಿ. ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ, ಕ್ಯಾಮೆರಾದ ಕೊರಳ ಪಟ್ಟಿ, ಇವುಗಳ ಒಂದು ತುದಿ ಅಂಚಿನಲ್ಲಿ ಸಿಕ್ಕಿಕೊಂಡಿದ್ದರೂ ಚಿಲಕ ಬೀಳುತ್ತದೆ. ಚಿಲಕ ಬಿದ್ದಿತೆಂಬುದು ಭದ್ರವಾಯಿತೆಂಬುದಕ್ಕೆ ಸಾಕ್ಷಿಯಲ್ಲ. ಪಾರದರ್ಶಕ ಹೌಸಿಂಗ್ ಆಗಿದ್ದರೆ ಟಾರ್ಚ್ ಹಿಡಿದು ಸುತ್ತಲೂ ನೋಡಿ: ಅಮುಕಿದ ಬಳೆ ಎಲ್ಲೂ ಕಡಿಯದ ಒಂದೇ ಅಗಲದ ಕಪ್ಪು ಗೆರೆಯಾಗಿ ಕಾಣಬೇಕು.

ಹೊಸ ಹೌಸಿಂಗಿನ ಮೊದಲ ಪರೀಕ್ಷೆಯನ್ನು ಕ್ಯಾಮೆರಾ ಇಲ್ಲದೆಯೇ ಮಾಡಬೇಕು. ಒಳಗೆ ಒಣ ಟಿಶ್ಯೂ ಕಾಗದವನ್ನಿಟ್ಟು, ಬಕೆಟ್ ನೀರಿನಲ್ಲಿ ಮುಳುಗಿಸಿ ಹಿಡಿದು, ಪ್ರತಿ ಬಟನ್ನನ್ನೂ ಹತ್ತಾರು ಸಲ ಒತ್ತಿ, ಆಮೇಲೆ ಕಾಗದವನ್ನು ನೋಡಿ. ಸಾಧ್ಯವಾದರೆ ಮೊದಲ ಡೈವಿಗೂ ಅದನ್ನು ಖಾಲಿಯಾಗಿಯೇ ಕೊಂಡೊಯ್ಯಿರಿ. ಖಾಲಿ ಪೆಟ್ಟಿಗೆ ಮೇಲಕ್ಕೆ ಎಳೆಯುವುದರಿಂದ ಒಳಗೆ ಒಂದಿಷ್ಟು ಸೀಸದ ತೂಕವನ್ನು ಬಟ್ಟೆಯಲ್ಲಿ ಸುತ್ತಿಡಬೇಕಾಗುತ್ತದೆ.

ದುಬಾರಿ ಹೌಸಿಂಗುಗಳಿಗೆ ನಿರ್ವಾತ ಪಂಪ್ ಜೋಡಿಸಬಹುದು. ಒಳಗಿನ ಗಾಳಿಯನ್ನು ಸ್ವಲ್ಪ ಹೊರಗೆಳೆದರೆ ನೆಲದ ಮೇಲಿರುವಾಗಲೇ ವಾತಾವರಣದ ಒತ್ತಡವು ಬಳೆಯನ್ನು ಅಮುಕಿ ಹಿಡಿಯುತ್ತದೆ, ಸೋರಿಕೆಯಿದ್ದರೆ ಮಾಪಕವೋ ಸಣ್ಣ ದೀಪವೋ ಎಚ್ಚರಿಸುತ್ತದೆ. ಕನಿಷ್ಠ ಅರ್ಧ ಗಂಟೆ ಹಾಗೆಯೇ ಬಿಟ್ಟು ನೋಡಿ. 22 ಡಿಗ್ರಿಯ ಏಸಿ ಕೋಣೆಯಿಂದ 35 ಡಿಗ್ರಿಯ ಬಿಸಿಲಿಗೆ ತಂದರೆ ಒಳಗಿನ ಒತ್ತಡ ನೂರಕ್ಕೆ ನಾಲ್ಕರಷ್ಟು ತಾನಾಗಿಯೇ ಏರುತ್ತದೆ, ಅದನ್ನು ಸೋರಿಕೆಯೆಂದು ಭಾವಿಸಿ ಗಾಬರಿಯಾಗಬಾರದು. ಹಣ ಹೊಂದಿಸಲು ಸಾಧ್ಯವಾದರೆ ಹೊಸ ಲೆನ್ಸಿಗಿಂತ ಮೊದಲು ಇದನ್ನು ಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಗಾಜಿನ ಒಳಬದಿ ಮಂಜುಗಟ್ಟುವುದನ್ನೂ ಹಲವರು ಸೋರಿಕೆಯೆಂದೇ ತಿಳಿಯುತ್ತಾರೆ. ಕರಾವಳಿಯ ತೇವದ ಗಾಳಿಯನ್ನು ಒಳಗೆ ಮುಚ್ಚಿಟ್ಟು ತಂಪು ನೀರಿಗಿಳಿದರೆ ಆ ತೇವ ಪೋರ್ಟಿನ, ಅಂದರೆ ಲೆನ್ಸಿನ ಮುಂದಿರುವ ಕಿಟಕಿಯ, ಗಾಜಿನ ಮೇಲೆ ಹನಿಗಟ್ಟುತ್ತದೆ. ಏಸಿ ಹಾಕಿದ ಒಣ ಕೋಣೆಯಲ್ಲಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಇಟ್ಟು, ದೋಣಿಯಲ್ಲಿ ಒದ್ದೆ ಬಟ್ಟೆ ಹೊದಿಸಿ ಬಿಸಿಲು ತಾಗದಂತೆ ಇರಿಸಿದರೆ ಈ ತೊಂದರೆ ಬಹುತೇಕ ತಪ್ಪುತ್ತದೆ.

ಫಿಲ್ಟರುಗಳ ವಿಷಯಕ್ಕೆ ಬಂದರೆ, ನೀರಿನಲ್ಲಿ ಮಾಸುವ ಬಣ್ಣಗಳನ್ನು ಸರಿಪಡಿಸಲು ಹೊರಗಿನಿಂದ ತಿರುಪಿ ಹಾಕುವ ಕೆಂಪು ಫಿಲ್ಟರನ್ನು ನೀರು ಸೇರದಂತೆ ಬಿಗಿದಿಡಬೇಕೆಂಬ ಭಾವನೆ ಸರಿಯಲ್ಲ. ಫಿಲ್ಟರಿಗೂ ಪೋರ್ಟಿಗೂ ನಡುವೆ ನೀರು ತುಂಬಲೇಬೇಕು. ಅಲ್ಲಿ ಗಾಳಿ ಸಿಕ್ಕಿಕೊಂಡರೆ ಚಿತ್ರದಲ್ಲಿ ಗುಳ್ಳೆ ಕಾಣಿಸುತ್ತದೆ; ಅಕಸ್ಮಾತ್ ಪೂರ್ತಿ ಬಿಗಿಯಾಗಿ ಮುಚ್ಚಿಹೋಗಿದ್ದರೆ 67 ಮಿಲಿಮೀಟರ್ ಫಿಲ್ಟರಿನ ಮೇಲೆ 20 ಮೀಟರ್ ಆಳದಲ್ಲಿ ಸುಮಾರು 70 ಕಿಲೋಗ್ರಾಮಿನ ಭಾರ ಬೀಳುತ್ತದೆ. ನೀರಿಗಿಳಿದ ಕೂಡಲೇ, ಒಂದೆರಡು ಮೀಟರಿನಲ್ಲಿ, ಅದನ್ನು ಒಂದು ಸುತ್ತು ಸಡಿಲಿಸಿ ಗುಳ್ಳೆಗಳನ್ನು ಬಿಟ್ಟು ಮತ್ತೆ ತಿರುಗಿಸಿಕೊಳ್ಳಿ.

ಫಿಲ್ಟರಿನಿಂದ ಸೋರಿಕೆ ಬರುವುದು ಬೇರೊಂದು ದಾರಿಯಲ್ಲಿ. ಉಪ್ಪು ಕಟ್ಟಿ ಬಿಗಿದುಹೋದ ಫಿಲ್ಟರನ್ನು ಬಲವಾಗಿ ತಿರುಗಿಸುವಾಗ, ಕಳಚಿ ಬದಲಿಸಬಹುದಾದ ಪೋರ್ಟುಗಳಿರುವ ಹೌಸಿಂಗಿನಲ್ಲಿ, ಫಿಲ್ಟರಿನ ಬದಲು ಪೋರ್ಟೇ ಅಲುಗಬಹುದು. ಪೋರ್ಟಿನ ಬೀಗವನ್ನು ಹಾಕಿದ್ದೀರೆಂದು ಖಚಿತಪಡಿಸಿಕೊಂಡು, ಒಂದು ಕೈಯಲ್ಲಿ ಪೋರ್ಟನ್ನು ಹಿಡಿದು, ಇನ್ನೊಂದರಿಂದಷ್ಟೇ ಫಿಲ್ಟರ್ ತಿರುಗಿಸಬೇಕು. ಜಗ್ಗದಿದ್ದರೆ ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ನೆನೆಸಿಡಿ, ಬಲ ಬೇಡ. ಹೌಸಿಂಗಿನ ಒಳಗೆ ಹಾಕುವ ಫಿಲ್ಟರ್ ಆದರೆ, ಅದರ ದಪ್ಪದಿಂದಾಗಿ ಕ್ಯಾಮೆರಾ ಹಿಂದಕ್ಕೆ ಸರಿದು ಮುಚ್ಚಳವನ್ನು ತಳ್ಳುತ್ತಿಲ್ಲವೆಂದು ನೋಡಿಕೊಳ್ಳಿ.

ನೀರಿಗೆ ಹಾರುವಾಗ ಕ್ಯಾಮೆರಾ ಕೈಯಲ್ಲಿರಬಾರದು; ದೋಣಿಯವರು ಆಮೇಲೆ ಕೊಡಲಿ. ಮೇಲೆ ಬಂದ ಬಳಿಕ ಉಪ್ಪು ಒಣಗುವ ಮೊದಲೇ ಸಿಹಿನೀರಿನಲ್ಲಿ ಅರ್ಧ ಗಂಟೆಯಾದರೂ ಮುಳುಗಿಸಿ, ಎಲ್ಲ ಬಟನ್ನುಗಳನ್ನೂ ನೀರೊಳಗೇ ಒತ್ತಿರಿ. ಬಟನ್ನಿನ ಕಂಬಿಯ ಸುತ್ತಲಿನ ಪುಟ್ಟ ಓ-ರಿಂಗುಗಳು ನಮ್ಮ ಕೈಗೆ ಸಿಗುವುದಿಲ್ಲ. ಅಲ್ಲಿ ಉಪ್ಪು ಹರಳುಗಟ್ಟದಂತೆ ತಡೆಯಲು ಇದೊಂದೇ ದಾರಿ.

ಇಷ್ಟಾದರೂ ಒಳಗೆ ನೀರು ಕಂಡರೆ, ಪೋರ್ಟ್ ಕೆಳಮುಖವಾಗಿರುವಂತೆ ಹಿಡಿಯಿರಿ, ನೀರು ಕ್ಯಾಮೆರಾವನ್ನು ಬಿಟ್ಟು ಗಾಜಿನ ಬಳಿ ನಿಲ್ಲುತ್ತದೆ. ಕ್ಯಾಮೆರಾ ಆರಿಸಿ, ಜೊತೆಗಾರರಿಗೆ ಸನ್ನೆ ಮಾಡಿ, ಎಂದಿನ ವೇಗದಲ್ಲೇ, ದೇಹ ಒತ್ತಡದ ಇಳಿಕೆಗೆ ಹೊಂದಿಕೊಳ್ಳಲೆಂದು 5 ಮೀಟರಿನಲ್ಲಿ ನಿಲ್ಲಬೇಕಾದಷ್ಟು ಹೊತ್ತು ನಿಂತೇ ಮೇಲೆ ಬನ್ನಿ. ಯಾವ ಕ್ಯಾಮೆರಾಕ್ಕಾಗಿಯೂ ಅವಸರದಿಂದ ಮೇಲೇರಬಾರದು. ಉಪ್ಪುನೀರು ತಾಗಿದ ಲಿಥಿಯಂ ಬ್ಯಾಟರಿ ಅನಿಲ ಬಿಡುವುದರಿಂದ ಒಳಗೆ ಒತ್ತಡ ತುಂಬಿರಬಹುದು. ಮುಖ ದೂರವಿಟ್ಟು ನಿಧಾನವಾಗಿ ಚಿಲಕ ಸಡಿಲಿಸಿ, ಬ್ಯಾಟರಿಯನ್ನೂ ಕಾರ್ಡನ್ನೂ ಹೊರತೆಗೆಯಿರಿ, ಕ್ಯಾಮೆರಾ ಕೆಲಸ ಮಾಡುತ್ತದೆಯೇ ಎಂದು ನೋಡಲು ಮತ್ತೆ ಹೊತ್ತಿಸಬೇಡಿ.

ಮಳೆಗಾಲ ಬಂದು ನೇತ್ರಾಣಿಯ ದೋಣಿಗಳು ನಿಂತಾಗ ಹೌಸಿಂಗ್ ಕೆಲವು ತಿಂಗಳು ಕಪಾಟು ಸೇರುತ್ತದೆ. ಚಿಲಕ ಬಿಗಿದಿಟ್ಟರೆ ಬಳೆ ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ. ಆದ್ದರಿಂದ ಚಿಲಕ ತೆರೆದಿಟ್ಟು, ಓ-ರಿಂಗನ್ನು ತೆಗೆದು, ತೆಳುವಾಗಿ ಗ್ರೀಸ್ ಸವರಿ, ಮುಚ್ಚಿದ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹೌಸಿಂಗಿನ ಒಳಗೇ ಇಡಿ. ವಿಮಾನದಲ್ಲಿ ಒಯ್ಯುವಾಗಲೂ ಹೀಗೆಯೇ ಮಾಡಬೇಕು, ಮುಚ್ಚಿಟ್ಟ ಹೌಸಿಂಗ್ ಗಾಳಿಯ ಒತ್ತಡದ ಏರಿಳಿತಕ್ಕೆ ಸಿಕ್ಕಿ ಇಳಿದ ಮೇಲೆ ತೆರೆಯಲಾಗದಂತೆ ಬಿಗಿದುಕೊಳ್ಳುವುದುಂಟು. ಮಳೆ ಮುಗಿದು ಮತ್ತೆ ಹೊರತೆಗೆದ ದಿನ, ಎಷ್ಟೇ ಹಳೆಯ ಹೌಸಿಂಗ್ ಆಗಿದ್ದರೂ, ಮೊದಲು ಟಿಶ್ಯೂ ಕಾಗದ ಮತ್ತು ಬಕೆಟ್.