ಡೆಮೊಗೆ ಮೈಕ್ರೊವೇವ್ ನಿಂಬೆ ಕೇಕ್: ತಲೆಗೊಂದು ಕಪ್

ಮನೆಗಳಲ್ಲಿ, ಮಹಿಳಾ ಸಮಾಜಗಳಲ್ಲಿ ಅಡುಗೆ ಡೆಮೊ ಕೊಡುವಾಗ ಮೈಕ್ರೊವೇವ್ ಸರದಿ ಬಂದರೆ ನಾನು ಮೊದಲು ಮಾಡಿ ತೋರಿಸುವುದು ಕಪ್ಪಿನ ನಿಂಬೆ ಕೇಕನ್ನೇ. ಹಿಟ್ಟು ಉಬ್ಬುವುದು, ಬೇಯುವುದು ಎಲ್ಲ ಒಂದೂವರೆ ನಿಮಿಷದೊಳಗೆ ಕಣ್ಣೆದುರೇ ಮುಗಿಯುತ್ತದೆ. ತಲೆಗೊಂದು ಕಪ್ ಕೊಡಬಹುದು, ಕತ್ತರಿಸಿ ಹಂಚುವ ರಗಳೆ ಇಲ್ಲ. ಈ ಕೇಕಿನ ಮೇಲೆ ಹೋದಲ್ಲೆಲ್ಲ ಎರಡು ದೂರು ಕೇಳಿಬರುತ್ತವೆ: ‘ರಬ್ಬರ್ ಥರ ಆಗತ್ತೆ’, ‘ನಿಂಬೆ ರುಚಿನೇ ಬರಲ್ಲ’. ಎರಡಕ್ಕೂ ಪರಿಹಾರ ಇರುವುದು ಒಳಗಿಡುವ ಮೊದಲಿನ ಕೆಲಸದಲ್ಲಿ ಮತ್ತು ಹೊರಗೆ ತೆಗೆದ ಮೇಲಿನ ಎರಡು ನಿಮಿಷದಲ್ಲಿ.

250 ಎಂಎಲ್ ಹಿಡಿಯುವ ಒಂದು ಕಪ್ಪಿಗೆ ನನ್ನ ಅಳತೆ ಇಷ್ಟು. ಮೈದಾ 30 ಗ್ರಾಂ, ಕಾರ್ನ್ ಫ್ಲೋರ್ 4 ಗ್ರಾಂ, ಪುಡಿ ಸಕ್ಕರೆ 28 ಗ್ರಾಂ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಒಂದು ಚಿಟಿಕೆ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು. ದ್ರವದ ಕಡೆ ಹಾಲು 2 ಟೇಬಲ್ ಚಮಚ, ಹುಳಿಯಿಲ್ಲದ ಮೊಸರು 1 ಟೇಬಲ್ ಚಮಚ, ವಾಸನೆಯಿಲ್ಲದ ಎಣ್ಣೆ 1 ಟೇಬಲ್ ಚಮಚ. ಕೊನೆಗೆ 1 ಟೀ ಚಮಚ ನಿಂಬೆರಸ, ಅರ್ಧ ಟೀ ಚಮಚ ಸಿಪ್ಪೆ ತುರಿ. ಮೊಟ್ಟೆ ಬೇಡ. ಇಷ್ಟು ಹಿಟ್ಟಿಗೆ ಒಂದು ಇಡೀ ಮೊಟ್ಟೆ ಒಡೆದರೆ ಅದರ ಬಿಳಿಯೇ ಬಿಗಿದುಕೊಂಡು ಕೇಕು ಆಮ್ಲೆಟ್ ಕಡೆ ವಾಲುತ್ತದೆ. ಬೆಣ್ಣೆ ಹಾಕಿದರೆ ಬಿಸಿಯಲ್ಲಿ ರುಚಿ ಹೌದು, ಆದರೆ ತಣ್ಣಗಾಗುತ್ತಿದ್ದಂತೆ ಬೆಣ್ಣೆ ಹೆಪ್ಪುಗಟ್ಟಿ ಕೇಕೂ ಗಟ್ಟಿಯಾಗುತ್ತದೆ. ಮಾತು, ಪ್ರಶ್ನೆ, ಫೋಟೊ ಎಲ್ಲ ಮುಗಿಸಿ ಜನ ಬಾಯಿಗಿಡುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ, ಹಾಗಾಗಿ ಡೆಮೊದಲ್ಲಿ ಎಣ್ಣೆಯೇ ವಾಸಿ.

ಬೇಕಿಂಗ್ ಪೌಡರನ್ನು ಕಾಲು ಚಮಚಕ್ಕೇ ನಿಲ್ಲಿಸಲು ಕಾರಣವಿದೆ. ನಾನು ಡೆಮೊ ಕೊಡುವ ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1000 ಮೀಟರ್ ಎತ್ತರದಲ್ಲಿವೆ. ನೀರು ಇಲ್ಲಿ 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಹಿಟ್ಟಿನೊಳಗಿನ ಗುಳ್ಳೆಗಳು ಹೆಚ್ಚು ಹಿಗ್ಗುತ್ತವೆ. ಮಂಗಳೂರಿನಲ್ಲಿ ಸರಿಹೋದ ಅಳತೆಯನ್ನು ಹಾಗೇ ಇಲ್ಲಿ ಹಾಕಿದರೆ ಕಪ್ಪಿನ ಅಂಚು ದಾಟಿ ಬಂದು, ಆಮೇಲೆ ನಡುವೆ ಕುಸಿಯುವ ಸಂಭವ ಜಾಸ್ತಿ. ಮಳೆಗಾಲದಲ್ಲಿ ಸಮಸ್ಯೆ ಉಲ್ಟಾ. ಮೂಡಿಗೆರೆ, ಸಕಲೇಶಪುರದ ಕಡೆ ಜುಲೈ ತಿಂಗಳ ಥಂಡಿಗೆ ತೆರೆದ ಡಬ್ಬಿಯ ಬೇಕಿಂಗ್ ಪೌಡರ್ ತೇವ ಹೀರಿ ಸತ್ತುಹೋಗಿರುತ್ತದೆ. ಬಿಸಿನೀರಿಗೆ ಅರ್ಧ ಚಮಚ ಹಾಕಿ ನೋಡಿ. ಬುಸ್ ಎಂದು ನೊರೆ ಏಳದಿದ್ದರೆ ಆ ಡಬ್ಬಿ ಬಿಸಾಡಿ, ಅದನ್ನೇ ಎರಡು ಪಟ್ಟು ಹಾಕಿ ಸರಿಮಾಡಲು ಹೋಗಬೇಡಿ.

ಇನ್ನು ನಿಂಬೆ. ರಸದಿಂದ ಬರುವುದು ಹುಳಿ ಮಾತ್ರ. ‘ನಿಂಬೆ’ ಎಂದು ಮೂಗಿಗೆ ಗೊತ್ತಾಗುವುದು ಸಿಪ್ಪೆಯ ಎಣ್ಣೆಯಿಂದ. ಅಂಗಡಿಯ ಸಣ್ಣ ನಿಂಬೆಹಣ್ಣಿನ ಸಿಪ್ಪೆ ತೀರಾ ತೆಳು, ತುರಿಮಣೆ ಎರಡನೇ ಸಲ ಅದೇ ಜಾಗಕ್ಕೆ ತಾಗಿದರೆ ಬಿಳಿ ಪದರ ಬಂದು ಕಹಿಯಾಗುತ್ತದೆ. ಕಾಫಿ ತೋಟದವರ ಮನೆಯಲ್ಲಿ ಗಜನಿಂಬೆ ಸಿಕ್ಕರೆ ನಾನು ತುರಿಗೆ ಅದನ್ನೇ ತೆಗೆದುಕೊಳ್ಳುತ್ತೇನೆ. ಸಿಪ್ಪೆ ದಪ್ಪ, ಒಂದು ಹಣ್ಣಿನಿಂದ ನಾಲ್ಕೈದು ಕಪ್ಪಿಗಾಗುವಷ್ಟು ತುರಿ ಆರಾಮಾಗಿ ಬರುತ್ತದೆ. ಹೇರಳೆಕಾಯಿ ಬೇಡ, ಅದರ ಕಹಿ ಉಪ್ಪಿನಕಾಯಿಗೇ ಸರಿ. ಹಣ್ಣು ತೊಳೆದು, ಒರೆಸಿ, ಒಣಗಿಸಿ ತುರಿಯಿರಿ. ಆ ತುರಿಯನ್ನು ಪುಡಿ ಸಕ್ಕರೆಯಲ್ಲಿ ಹಾಕಿ ಬೆರಳಿಂದ ತಿಕ್ಕಿ. ಸಕ್ಕರೆ ತುಸು ಹಳದಿ ತಿರುಗಿ, ಒದ್ದೆ ಮರಳಿನ ಹಾಗೆ ಬೆರಳಿಗೆ ಅಂಟುವವರೆಗೆ ತಿಕ್ಕಬೇಕು. ಡೆಮೊದಲ್ಲಿ ಈ ಬಟ್ಟಲನ್ನು ಸಾಲಿನಲ್ಲಿ ಒಂದು ಸುತ್ತು ಕಳಿಸಿ, ಎಲ್ಲರೂ ಮೂಸಿ ನೋಡಲಿ. ಹತ್ತು ನಿಮಿಷದ ವಿವರಣೆ ಉಳಿಯುತ್ತದೆ. ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿರಲೇಬೇಕು. ಹರಳು ಸಕ್ಕರೆ 75 ಸೆಕೆಂಡಿನಲ್ಲಿ ಪೂರ್ತಿ ಕರಗುವುದಿಲ್ಲ, ತಳಕ್ಕಿಳಿದು ಅಲ್ಲಲ್ಲಿ ಪಾಕವಾಗಿ ಗಂಟು ಕಟ್ಟುತ್ತದೆ.

ಮೈಕ್ರೊವೇವಿನಲ್ಲಿ ಕೇಕು ಕೆಂಪಗಾಗುವುದಿಲ್ಲ. ಒಳಗಿನ ಗಾಳಿ ಕಾಯುವುದಿಲ್ಲ, ಬಿಸಿಯಾಗುವುದು ಹಿಟ್ಟಿನಲ್ಲಿರುವ ನೀರು, ಮೇಲ್ಮೈ ನೀರಿನ ಕುದಿಬಿಂದು ದಾಟಿ ಒಣಗುವುದೇ ಇಲ್ಲ. ಬಿಳಿಚಿಕೊಂಡ ಕೇಕು ನೋಡಿ ‘ಬೆಂದಿಲ್ಲ’ ಅಂದುಕೊಳ್ಳುವವರಿಗಾಗಿ ಸೂಜಿಮೊನೆಯಷ್ಟು ಅರಿಶಿನ ಹಾಕಬಹುದು. ಆದರೆ ಸೋಡಾ ಚಿಟಿಕೆಗಿಂತ ಹೆಚ್ಚಾದರೆ ಅದೇ ಅರಿಶಿನ ಕೆಂಪುಗಂದು ಬಣ್ಣಕ್ಕೆ ತಿರುಗುತ್ತದೆ, ಕುಂಕುಮ ಆಗುವುದೂ ಹೀಗೇ ಅರಿಶಿನಕ್ಕೆ ಸುಣ್ಣ ಸೇರಿದಾಗ. ನಿಂಬೆಯ ಹುಳಿಯನ್ನೂ ಆ ಹೆಚ್ಚಿನ ಸೋಡಾ ತಿಂದುಹಾಕಿ ಸಾಬೂನಿನ ರುಚಿ ಬಿಡುತ್ತದೆ.

ಕಲೆಸುವುದನ್ನು ಕಪ್ಪಿನಲ್ಲೇ ಮಾಡಬೇಡಿ. ತಳದ ಮೂಲೆಯಲ್ಲಿ ಒಣ ಮೈದಾ ಉಳಿದು, ತಿನ್ನುವಾಗ ಕೊನೆಯ ಚಮಚದಲ್ಲಿ ಹಸಿಹಿಟ್ಟು ಸಿಗುತ್ತದೆ. ಬೇರೆ ಬಟ್ಟಲಿನಲ್ಲಿ ಹಾಲು, ಮೊಸರು, ಎಣ್ಣೆ ಚೆನ್ನಾಗಿ ಕಡೆದು, ಜರಡಿ ಹಿಡಿದ ಒಣ ಪುಡಿ ಮತ್ತು ತಿಕ್ಕಿದ ಸಕ್ಕರೆ ಸೇರಿಸಿ, ಗಂಟು ಹೋಗುವವರೆಗೆ ಮಾತ್ರ ತಿರುಗಿಸಿ. ಜಾಸ್ತಿ ಬಡಿದಷ್ಟೂ ಮೈದಾದ ಅಂಟು ಬಲಿಯುತ್ತದೆ, ರಬ್ಬರಿಗೆ ಅರ್ಧ ಕಾರಣ ಇದೇ. ನಿಂಬೆರಸ ಎಲ್ಲಕ್ಕಿಂತ ಕೊನೆಗೆ, ಒಲೆಯ ಬಾಗಿಲು ತೆರೆದಿಟ್ಟುಕೊಂಡು. ರಸ ಬಿದ್ದ ತಕ್ಷಣ ಸೋಡಾ ನೊರೆ ಬಿಡಲು ಶುರು. ಆಮೇಲೆ ಮಾತಾಡುತ್ತ ನಿಂತರೆ ಗುಳ್ಳೆಗಳೆಲ್ಲ ಬಟ್ಟಲಲ್ಲೇ ಒಡೆದುಹೋಗುತ್ತವೆ. ಕಪ್ಪಿಗೆ ಸುರಿದಾಗ ಅರ್ಧಕ್ಕಿಂತ ಕೆಳಗೇ ಇರಬೇಕು.

ಕಪ್ ಯಾವುದು ಎನ್ನುವುದಕ್ಕೇ ಡೆಮೊದಲ್ಲಿ ಹೆಚ್ಚು ಪ್ರಶ್ನೆ. ಸ್ಟೀಲ್ ಲೋಟ ಆಗದು ಎಂಬುದು ಎಲ್ಲರಿಗೂ ಗೊತ್ತು. ಚಿನ್ನದ ಗೆರೆಯ ಟೀ ಕಪ್ಪೂ ಆಗದು, ಆ ಗೆರೆಯೇ ಕಿಡಿ ಹಾರಿಸುತ್ತದೆ. ಮೆಲಮೈನ್ ಬಟ್ಟಲು ಬೇಡವೇ ಬೇಡ. ಗೊತ್ತಿಲ್ಲದ ಪಿಂಗಾಣಿ ಕಪ್ಪಾದರೆ ಅದನ್ನು ಖಾಲಿ ಇಟ್ಟು, ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಕಪ್ ತಣ್ಣಗಿದ್ದರೆ ಸರಿ, ಕಪ್ಪೇ ಸುಟ್ಟರೆ ಅದು ಕಾಫಿಗೇ ಇರಲಿ. ಮೊದಲ ಕೇಕನ್ನು ಮಾತ್ರ ನೇರ ಗೋಡೆಯ, ಶಾಖ ತಡೆಯುವ ಗಾಜಿನ ಕಪ್ಪಿನಲ್ಲಿ ಮಾಡಿ, ಉಬ್ಬುವುದು ಬದಿಯಿಂದ ಕಾಣಲಿ.

ಈಗ ಸಮಯ. ಬೇರೆಯವರ ಮನೆಯ ಒಲೆ ಅಂದರೆ ವ್ಯಾಟ್ ಮೊದಲು ತಿಳಿಯಬೇಕು. ಹಿಂಬದಿಯ ಚೀಟಿಯಲ್ಲಿ ಎರಡು ಅಂಕಿ ಇರುತ್ತವೆ: ಎಳೆಯುವ ವಿದ್ಯುತ್ 1200 ಇದ್ದರೆ ಅಡುಗೆಗೆ ದಕ್ಕುವುದು 800 ಇರಬಹುದು. ನಮಗೆ ಬೇಕಾದ್ದು ಎರಡನೆಯದು. ಚೀಟಿ ಅಳಿಸಿಹೋಗಿದ್ದರೆ 1 ಲೀಟರ್ ನೀರಿನ ಉಷ್ಣಾಂಶ ನೋಡಿ, ಪೂರ್ತಿ ಪವರಿನಲ್ಲಿ ಸರಿಯಾಗಿ 2 ನಿಮಿಷ ಇಟ್ಟು, ಕದಡಿ, ಮತ್ತೆ ನೋಡಿ. ಏರಿದ ಡಿಗ್ರಿಯನ್ನು 35ರಿಂದ ಗುಣಿಸಿದರೆ ವ್ಯಾಟ್ ಸಿಕ್ಕಿತು. 20 ಡಿಗ್ರಿ ಏರಿದರೆ 700. ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಊರಾದರೆ ಈ ಪರೀಕ್ಷೆಯನ್ನು ಡೆಮೊ ನಡೆಯುವ ಹೊತ್ತಿನಲ್ಲೇ ಮಾಡಿ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಗಳಲ್ಲಿ ವೋಲ್ಟೇಜ್ ಜೊತೆಗೇ ಶಾಖವೂ ಇಳಿಯುತ್ತದೆ. ಲೈಟು, ಫ್ಯಾನಿಗೆಂದು ಹಾಕಿಸಿದ ಸಣ್ಣ ಇನ್ವರ್ಟರಿನ ಮೇಲೆ ಇದನ್ನು ಓಡಿಸುವ ಯೋಚನೆ ಬೇಡ.

800 ವ್ಯಾಟಿಗೆ ಒಂದು ಕಪ್ 70ರಿಂದ 75 ಸೆಕೆಂಡ್, 700ಕ್ಕೆ 85ರ ಸುಮಾರು. ಫ್ರಿಜ್ಜಿನಿಂದ ತೆಗೆದ ಹಾಲು ಹಾಕಿದರೆ ಇನ್ನೂ ಹತ್ತು ಸೆಕೆಂಡ್. ಕೇಕು ಅಂಚಿನವರೆಗೆ ಏರಿ, ನಿಲ್ಲಿಸಿದ ಕೂಡಲೇ ಒಂದು ಬೆರಳಿನಷ್ಟು ಇಳಿಯುತ್ತದೆ. ‘ಅಯ್ಯೋ, ಇಳಿದೇ ಹೋಯ್ತಲ್ರೀ!’ ಎಂದು ಯಾರಾದರೂ ಕೂಗುವುದು ಖಾತ್ರಿ. ಏರಿಸಿದ್ದು ಹಬೆ, ಹಬೆ ಹೋದಮೇಲೆ ಅಷ್ಟು ಇಳಿಯುವುದು ಸಹಜ. ನೋಡಬೇಕಾದ್ದು ಮೇಲ್ಮೈಯನ್ನು. ಹೊಳಪು ಎಲ್ಲ ಕಡೆ ಹೋಗಿ, ನಟ್ಟನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಒದ್ದೆ ಇದ್ದಾಗ ನಿಲ್ಲಿಸಿ. ಕಡ್ಡಿ ಚುಚ್ಚಿ ಒಣಗಿ ಬರಲಿ ಎಂದು ಕಾದರೆ ಕೆಟ್ಟಿರಿ. ರಬ್ಬರಿಗೆ ಇನ್ನರ್ಧ ಕಾರಣ ಆ ಹದಿನೈದು ಸೆಕೆಂಡು. ತಟ್ಟೆ ಮುಚ್ಚಿ 2 ನಿಮಿಷ ಬಿಟ್ಟರೆ ಒಳಗಿನ ಬಿಸಿಗೇ ಆ ನಾಣ್ಯದಷ್ಟು ಜಾಗವೂ ಬೇಯುತ್ತದೆ.

ಆ 2 ನಿಮಿಷದಲ್ಲಿ ಪಾನಕ ಸಿದ್ಧಮಾಡಿ: ಕಪ್ಪೊಂದಕ್ಕೆ 1 ಟೀ ಚಮಚ ನಿಂಬೆರಸ, 2 ಟೀ ಚಮಚ ಪುಡಿ ಸಕ್ಕರೆ, ಒಲೆಗಿಡದೆ ಕದಡಿದ್ದು. ಬಿಸಿ ಕೇಕಿಗೆ ಕಡ್ಡಿಯಿಂದ ಹತ್ತಾರು ಕಡೆ ತಳದವರೆಗೆ ಚುಚ್ಚಿ ನಿಧಾನ ಹನಿಸಿ. ಕೇಕು ತಣ್ಣಗಿದ್ದರೆ ಮೇಲೇ ನಿಂತು ಅಂಟಂಟಾಗುತ್ತದೆ. ಹಿಟ್ಟಿಗೆ ಹಾಕಿದ ರಸದ ಹುಳಿಯನ್ನು ಸೋಡಾ ಸ್ವಲ್ಪ ಕೊಂದಿರುತ್ತದೆ, ತುರಿಯ ಘಮವನ್ನು ಹಬೆ ಒಂದಿಷ್ಟು ಹೊತ್ತೊಯ್ದಿರುತ್ತದೆ. ಬಾಯಿಗೆ ನೇರ ತಾಗುವ ನಿಂಬೆ ಈ ಪಾನಕದ್ದೇ. ಇದನ್ನು ಬಿಟ್ಟು ರುಚಿಗೆಂದು ಹಿಟ್ಟಿಗೇ ಮೂರು ಚಮಚ ರಸ ಹಿಂಡಿದರೆ ಹಿಟ್ಟು ನೀರಾಗುತ್ತದೆ.

ಹನ್ನೆರಡು ಜನರಿಗಾದರೆ ಒಣ ಮಿಶ್ರಣ ಒಂದು ಡಬ್ಬಿಯಲ್ಲಿ, ದ್ರವ ಒಂದು ಬಾಟಲಿಯಲ್ಲಿ ತಯಾರಾಗಿರಲಿ. ತಕ್ಕಡಿಯಲ್ಲಿ ಕಪ್ಪಿಗೆ 63 ಗ್ರಾಂ ಒಣದ್ದು, 59 ಗ್ರಾಂ ದ್ರವ ತೂಗಿದರೆ ಚಮಚದ ಲೆಕ್ಕ ತಪ್ಪುವ ಭಯವಿಲ್ಲ. ಸುತ್ತಿಗೆ ನಾಲ್ಕೇ ಕಪ್, ಒಂದೇ ಗಾತ್ರದವು, ತಿರುಗುವ ತಟ್ಟೆಯ ಅಂಚಿನಲ್ಲಿ ಸುತ್ತಲೂ, ನಡುವೆ ಖಾಲಿ. ನಾಲ್ಕು ಕಪ್ಪಿಗೆ 75ರ ನಾಲ್ಕು ಪಟ್ಟು ಇಡಬೇಡಿ. 800 ವ್ಯಾಟಿನಲ್ಲಿ 3 ನಿಮಿಷಕ್ಕೆ ನಿಲ್ಲಿಸಿ ನೋಡಿ, ಆಮೇಲೆ 15 ಸೆಕೆಂಡಿನಂತೆ ಮುಂದುವರಿಸಿ. ಬೇಗ ಬೆಂದ ಕಪ್ಪನ್ನು ಮೊದಲು ಹೊರಗೆ ತೆಗೆಯಿರಿ.

‘ಮೇಡಂ, ನಮ್ಮನೇಲಿ ಮೈಕ್ರೊವೇವ್ ಇಲ್ವಲ್ಲ’ ಎನ್ನುವವರು ಯಾವ ಊರಲ್ಲೂ ಇರುತ್ತಾರೆ, ಕರೆಂಟ್ ಕೈಕೊಟ್ಟರೆ ಎಲ್ಲರೂ ಆ ಸಾಲಿಗೇ ಸೇರಿದ ಹಾಗೆ. ಇದೇ ಹಿಟ್ಟನ್ನು ಎಣ್ಣೆ ಸವರಿದ ಸಣ್ಣ ಬಟ್ಟಲುಗಳಿಗೆ ಅರ್ಧ ತುಂಬಿ ಇಡ್ಲಿ ಪಾತ್ರೆಯಲ್ಲಿ 12ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಬಹುದು. ಇಲ್ಲಿ ಸ್ಟೀಲ್ ಬಟ್ಟಲೂ ನಡೆಯುತ್ತದೆ, ಕಡ್ಡಿ ಪರೀಕ್ಷೆಯನ್ನೂ ನಂಬಬಹುದು. ನೀರು ಕುದಿ ಬಂದ ಮೇಲೇ ಬಟ್ಟಲಿಡಿ, ಮುಚ್ಚಳದ ಒಳಗೆ ಬಟ್ಟೆ ಕಟ್ಟಿ. ಇಲ್ಲದಿದ್ದರೆ ಹಬೆಯ ನೀರು ತೊಟ್ಟಿಕ್ಕಿ ಕೇಕಿನ ಮೇಲೆಲ್ಲ ಗುಳಿ ಬೀಳುತ್ತದೆ.