ಅಟ್ಟ ಬೆಚ್ಚಗಿರಬೇಕಾದರೆ ಮೊದಲು ಒಣಗಿರಬೇಕು

ನಮ್ಮದು ಮಡಿಕೇರಿ ಹತ್ತಿರದ ಸಣ್ಣ ಹೆಂಚಿನ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಹಲಗೆ ಹಾಸಿದ ಅಟ್ಟ. ಜನವರಿಯಲ್ಲಿ ರಾತ್ರಿ 12 ಡಿಗ್ರಿ ಆಸುಪಾಸಿಗೆ ಇಳಿದಾಗ ಹೀಟರ್ ಹಾಕಿದರೂ ಬಿಸಿಯೆಲ್ಲ ಹಲಗೆ ಸಂದಿಯಲ್ಲಿ ಮೇಲಕ್ಕೇರಿ, ಹೆಂಚಿನ ಸಂದಿಯಲ್ಲಿ ಆಚೆ ಹೋಗುತ್ತಿತ್ತು. ಇದಕ್ಕೆ ಮದ್ದು ಅಟ್ಟದ ನೆಲಕ್ಕೆ ಗ್ಲಾಸ್ ವೂಲ್, ಅಂದರೆ ಗಾಜಿನ ಎಳೆಗಳಿಂದ ಮಾಡಿದ ಹತ್ತಿಯಂಥ ಹಾಸು, ಹಾಸುವುದು. ಕಷ್ಟದ ಕೆಲಸವೇನಲ್ಲ. ಆದರೆ ಕೊಡಗಿನಲ್ಲಿ ಚಳಿಗಿಂತ ಜಾಸ್ತಿ ಕಾಡುವುದು ತೇವ, ಅದನ್ನು ಮರೆತರೆ ದುಡ್ಡು ದಂಡ.

ನಾನು ಮರೆತಿದ್ದೆ. ಮಳೆ ಸೋರಿದರೂ ತೊಂದರೆ ಇಲ್ಲ ಅಂತ ಅಂಗಡಿಯವರು ಹೇಳಿದ್ದನ್ನು ನಂಬಿ ವೂಲ್ ಮೇಲೆ ನೀಲಿ ಟಾರ್ಪಾಲ್ ಹೊದಿಸಿಬಿಟ್ಟೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ದಿನ ಮೂಲೆ ಎತ್ತಿ ನೋಡಿದರೆ ಟಾರ್ಪಾಲ್‌ನ ಒಳಮೈ ತುಂಬ ಹನಿ, ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ. ವೂಲ್ ಒದ್ದೆಯಾಗಿ ಚಪ್ಪಟೆಯಾಗಿತ್ತು, ಹಲಗೆಗೆ ಬೂಸ್ಟು ಹಿಡಿದಿತ್ತು. ಹೆಂಚು ಎಲ್ಲೂ ಸೋರಿರಲಿಲ್ಲ! ಅಡುಗೆಯ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ, ನಮ್ಮ ಉಸಿರು, ಎಲ್ಲ ಮೇಲೆ ಹೋಗಿ ತಣ್ಣಗಿನ ಟಾರ್ಪಾಲ್‌ಗೆ ತಾಗಿ ನೀರಾಗಿತ್ತು, ಅಷ್ಟೇ. ವೂಲ್ ಬೆಚ್ಚಗಿಡುವುದು ಅದರ ಎಳೆಗಳ ನಡುವೆ ನಿಂತ ಗಾಳಿಯಿಂದ. ಅಲ್ಲಿ ನೀರು ತುಂಬಿದರೆ ಏನು ಪ್ರಯೋಜನ?

ಹಿಂದೆ ಸೌದೆ ಒಲೆಯ ಹೊಗೆ ಅಟ್ಟದಲ್ಲೇ ಸುತ್ತಾಡಿ ಹೆಂಚು ಹೊರುವ ಮರ, ಪಕಾಸು, ರೀಪು ಎಲ್ಲ ಒಣಗಿಸಿಡುತ್ತಿತ್ತು, ಹುಳವೂ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಆ ಕೆಲಸವನ್ನು ಗಾಳಿಯೇ ಮಾಡಬೇಕು.

ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್ ಹೊತ್ತಿಗೆ ಕೆಲಸ ಶುರು ಮಾಡಿ. ಹೆಂಚು ಕೈಯಾಡಿಸಿ, ಒಡೆದದ್ದು ಬದಲಿಸಿ, ಪಾಚಿ ಕೆರೆದು ತೆಗೆಯಿರಿ. ವೂಲ್ ಮಾತ್ರ ಆಗಲೇ ತರಬೇಡಿ. ಕಾಫಿ ಹೂ ಅರಳಿಸುವ ಒಂದು ಹೂಮಳೆ ಬೀಳಲಿ, ಅದು ಬೀಳುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ, ಎಲ್ಲಿ ಒದ್ದೆ ಇದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸೋರಿಕೆ ಪೂರ್ತಿ ನಿಂತ ಮೇಲೇ ಮುಂದಿನ ಮಾತು.

ಆಮೇಲೆ ಸಂದಿ ಮುಚ್ಚುವುದು. ಜನ ಇದನ್ನು ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಅರ್ಧ ಲಾಭ ಇದರಲ್ಲೇ ಇದೆ. ಚಳಿ ಇರುವ ರಾತ್ರಿ ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ ಕೋಣೆಯೊಳಗಿಂದ ಅಟ್ಟದ ಹಲಗೆ ಹತ್ತಿರ ಹಿಡಿಯಿರಿ. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಕಡೆ ವಾಲಿ ಸುಯ್ಯನೆ ಒಳಗೆ ಹೋದರೆ ಅಲ್ಲೊಂದು ಸಂದಿ ಇದೆ ಅಂತ. ಲೈಟಿನ ವಯರ್ ಇಳಿಯುವ ತೂತು, ಗೋಡೆ ಮತ್ತು ಹಲಗೆ ಸೇರುವ ಅಂಚು, ಅಟ್ಟದ ಬಾಗಿಲು, ಈ ಮೂರು ಕಡೆ ತಪ್ಪದೆ ಸಿಗುತ್ತದೆ. ಸಣ್ಣದಕ್ಕೆ ಸೀಲೆಂಟ್, ದೊಡ್ಡದಕ್ಕೆ ಮರದ ಪಟ್ಟಿ.

ವೂಲ್ 50 ಮಿಲಿಮೀಟರ್ ದಪ್ಪದ ಸುರುಳಿ ಸಿಗುತ್ತದೆ. ಎರಡು ಪದರ ಹಾಕಿ, ಒಂದು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ಆಗ ಕೆಳಗಿನ ಪದರದ ಸಂದು ಮುಚ್ಚಿಹೋಗುತ್ತದೆ. ಫಾಯಿಲ್ ಇರುವುದು ಸಿಕ್ಕರೆ ಅದು ಕೆಳಗಿನ ಪದರಕ್ಕೆ ಮಾತ್ರ, ಫಾಯಿಲ್ ಮುಖ ಕೋಣೆ ಕಡೆಗೆ, ಕೆಳಗೆ ಇರಲಿ, ಹಬೆಯನ್ನು ವೂಲ್‌ಗೆ ಏರುವ ಮೊದಲೇ ತಡೆಯಲಿ. ಮೇಲೆ ಏನೂ ಹೊದಿಸಬೇಡಿ, ಅದುಮಿ ತುರುಕಲೂಬೇಡಿ. ಸೂರಿನ ಹತ್ತಿರ ಎರಡು ಇಂಚು ಜಾಗ ಬಿಡಿ, ಗಾಳಿ ಒಳಗೆ ಬರುವುದೇ ಅಲ್ಲಿಂದ. ಅಲ್ಲಿ ಸಣ್ಣ ಕಣ್ಣಿನ ತಂತಿ ಬಲೆ ಹೊಡೆಯಿರಿ, ಇಲ್ಲದಿದ್ದರೆ ಇಲಿ ಸಂಸಾರ ಹೂಡುತ್ತದೆ. ತುಂಬು ತೋಳಿನ ಅಂಗಿ, ಮಾಸ್ಕ್, ಕನ್ನಡಕ, ಗ್ಲೌಸ್ ಬೇಕೇ ಬೇಕು. ನಾನು ಬನಿಯನ್‌ನಲ್ಲಿ ಹತ್ತಿ ಎರಡು ದಿನ ಮೈ ಕೆರೆದುಕೊಂಡೆ.

ಹಳೇ ವಯರಿಂಗ್ ಇದ್ದರೆ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ವೂಲ್ ಅಡಿ ಹೂತ ವಯರ್ ಬಿಸಿಯಾಗುತ್ತದೆ, ಅದನ್ನು ಮೇಲೆತ್ತಿ ಪೈಪಿನಲ್ಲಿ ಒಯ್ಯಬೇಕು. ಹಲಗೆಯೊಳಗೆ ಕೂರಿಸಿದ ಲೈಟ್ ಇದ್ದರೆ ಸುತ್ತ ಮೂರು ಇಂಚು ಖಾಲಿ ಬಿಡಿ. ಅಗ್ಗ ಅಂತ ಭತ್ತದ ಹೊಟ್ಟು ಸುರಿಯಬೇಡಿ. ಮಳೆಗೆ ಬೂಸ್ಟು, ಬೇಸಿಗೆಯಲ್ಲಿ ಬೆಂಕಿಯ ಭಯ.

ಶೀಟ್ ಮನೆಯಾದರೆ ಬಬಲ್ ಫಾಯಿಲ್ (ಗಾಳಿಗುಳ್ಳೆಯ ಹಾಳೆಗೆ ಹೊಳೆಯುವ ಫಾಯಿಲ್ ಅಂಟಿಸಿದ್ದು) ಸಾಕಾಗಬಹುದು, ಆದರೆ ಅದಕ್ಕೂ ಶೀಟಿಗೂ ನಡುವೆ ಒಂದಿಂಚು ಅಂತರ ಇರಲೇಬೇಕು. ಶೀಟಿಗೇ ಅಂಟಿಸಿದರೆ ಬಿಸಿಲಿನ ಕಾವನ್ನು ವಾಪಸ್ ಕಳಿಸುವ ಕೆಲಸ ಫಾಯಿಲ್ ಮಾಡುವುದಿಲ್ಲ.

ಕೊನೆಗೆ ಅಟ್ಟದ ಬಾಗಿಲು. ನಮ್ಮದು ಬರೀ ತೆಳು ಪ್ಲೈವುಡ್ ಆಗಿತ್ತು. ಮೇಲೆ ವೂಲ್ ತುಂಡು ಕಟ್ಟಿ, ಅಂಚಿಗೆ ಸುತ್ತಲೂ ಫೋಮ್ ಟೇಪ್ ಅಂಟಿಸಿದೆ. ಈಗ ಮುಚ್ಚುವಾಗ ಸ್ವಲ್ಪ ಬಿಗಿ, ಕೈಯಲ್ಲಿ ಗುದ್ದಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ತೆಗೆದು, ವೂಲ್ ಅಡಿಗೆ ಕೈ ಹಾಕಿ ಮುಟ್ಟಿ ನೋಡುತ್ತೇನೆ.