ಮಕ್ಕಳು ಟೆಕ್ಸಾಸ್‌ಗೆ ಓದಲು ಹೊರಟಿದ್ದಾರಾ? ಪಿಸ್ತೂಲಿನ ನಿಯಮವನ್ನು ಯೂನಿವರ್ಸಿಟಿಗೆ ಹೀಗೆ ಕೇಳಿ

ಟೆಕ್ಸಾಸ್‌ನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿಕೊಂಡು ಕ್ಲಾಸಿಗೂ ಬರಬಹುದು. 2016ರ ಆಗಸ್ಟ್ 1ರಿಂದ ಈ ಕಾನೂನು ಇದೆ. ಮಗಳಿಗೆ ಅಲ್ಲಿ ಎಂಎಸ್ ಸೀಟು ಸಿಕ್ಕಾಗ ಇದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ನಮ್ಮಲ್ಲಿ ಹಾಗಿಲ್ಲವಲ್ಲ. ಪಾವಗಡದ ಕಡೆ ನಮ್ಮ ಅಣ್ಣ ಹಂದಿ ಕಾಟಕ್ಕೆಂದು ಲೈಸೆನ್ಸ್ ಬಂದೂಕು ಇಟ್ಟಿದ್ದಾನೆ. ಎಲೆಕ್ಷನ್ ಬಂದರೆ ಅದನ್ನು ಠಾಣೆಗೆ ಒಪ್ಪಿಸಬೇಕು. ಜಾತ್ರೆಗಾಗಲಿ ಕಾಲೇಜಿನ ಆವರಣಕ್ಕಾಗಲಿ ಒಯ್ಯಬಾರದು ಅಂತ ನಮ್ಮ ಲೈಸೆನ್ಸಿನ ಷರತ್ತೇ ಹೇಳುತ್ತದೆ.

ತುಮಕೂರಿನಲ್ಲಿ ಕೂತು ಹೆದರುವುದಕ್ಕಿಂತ ನೇರವಾಗಿ ಕೇಳುವುದು ಮೇಲು. ಆದರೆ ಕೇಳುವ ರೀತಿ ಇದೆ.

ಮೇಲ್ ಮಗಳಿಂದಲೇ ಹೋಗಲಿ, ಅದೂ ಯೂನಿವರ್ಸಿಟಿ ಕೊಟ್ಟ ಐಡಿಯಿಂದ. ಅಲ್ಲಿ ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ಅವಳ ಹಾಸ್ಟೆಲ್ ಅರ್ಜಿಯ ವಿಷಯವನ್ನು ಅಪ್ಪ ಅಮ್ಮ ಕೇಳಿದರೂ ಸುಮ್ನೆ ಕೊಡುವುದಿಲ್ಲ. ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಬರೆಯಿರಿ. ಡೀನ್ ಆಫ್ ಸ್ಟೂಡೆಂಟ್ಸ್ ಕಚೇರಿಗೂ ಒಂದು ಪ್ರತಿ ಹೋಗಲಿ. ಅಲ್ಲಿನ ದೊಡ್ಡ ಯೂನಿವರ್ಸಿಟಿಗಳಿಗೆ ಸ್ವಂತ ಪೊಲೀಸ್ ಇಲಾಖೆಯೇ ಇರುತ್ತದೆ, ಅವರನ್ನೂ ಕೇಳಬಹುದು. ಫೋನ್ ಮಾಡುವುದಾದರೆ ಬೇಸಿಗೆಯಲ್ಲಿ ಅವರ ಬೆಳಗಿನ 9 ಗಂಟೆ ಅಂದರೆ ನಮಗೆ ಸಂಜೆ 7.30.

ಮೊದಲ ಸಾಲಿನಲ್ಲೇ ಸ್ಪಷ್ಟವಾಗಿ ಹೇಳಿ: ನಾನು ಹೊಸ ವಿದ್ಯಾರ್ಥಿ, ಎಫ್-1 ವೀಸಾ (ಅಂದರೆ ವಿದ್ಯಾರ್ಥಿ ವೀಸಾ), ನನಗೆ ಆಯುಧ ತರುವ ಉದ್ದೇಶವಿಲ್ಲ, ನಿಯಮ ತಿಳಿಯಬೇಕು. ಇದನ್ನು ಬಿಟ್ಟು ಬರೀ "ಕ್ಯಾಂಪಸ್‌ಗೆ ಗನ್ ತರಬಹುದಾ" ಅಂತ ಬರೆದರೆ ಓದಿದವರು ಏನಂದುಕೊಳ್ಳಬೇಕು ಹೇಳಿ?

ಆಮೇಲೆ ಪ್ರಶ್ನೆಗಳು. "ಕ್ಯಾಂಪಸ್ ಸೇಫಾ" ಅಂತ ಕೇಳಿದರೆ "ಹೌದು, ಸೇಫ್" ಅಂತಲೇ ಉತ್ತರ ಬರುತ್ತದೆ. ಜಾಗದ ಹೆಸರು ಹಿಡಿದು ಕೇಳಿ. ಪಿಸ್ತೂಲು ನಿಷೇಧಿಸಿರುವ ಜಾಗಗಳು ಯಾವುವು? ನಾನು ಕೆಲಸ ಮಾಡುವ ಲ್ಯಾಬ್ ಅದರಲ್ಲಿ ಇದೆಯಾ? ಹಾಸ್ಟೆಲ್ ರೂಮಿನಲ್ಲಿ ಇಡಬಹುದಾ, ಇಡುವುದಾದರೆ ಬೀಗದ ಪೆಟ್ಟಿಗೆ ಕಡ್ಡಾಯವಾ? ರೂಮ್‌ಮೇಟ್ ಬಳಿ ಇದ್ದರೆ ನಾನು ರೂಮ್ ಬದಲಿಸಿಕೊಳ್ಳಬಹುದಾ? ಯಾರದಾದರೂ ಆಯುಧ ಕಣ್ಣಿಗೆ ಬಿದ್ದರೆ ಯಾರಿಗೆ ಹೇಳಬೇಕು? ಕಾನೂನಿನ ಪ್ರಕಾರ ಆಯುಧ ಹೊರಗೆ ಕಾಣುವಂತಿಲ್ಲ, ಹಾಗಾಗಿ ಈ ಕೊನೆಯ ಪ್ರಶ್ನೆ ಬಿಡಬೇಡಿ. ನಿಷೇಧವಿರುವ ಜಾಗದ ಬಾಗಿಲ ಬಳಿ ಟೆಕ್ಸಾಸ್ ದಂಡ ಸಂಹಿತೆಯ 30.06 ಅನ್ನುವ ಸೆಕ್ಷನ್ ನಂಬರ್ ಇರುವ ಬೋರ್ಡನ್ನು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಹಾಕಿರುತ್ತಾರೆ. ಮಗಳಿಗೆ ಆ ನಂಬರ್ ಗೊತ್ತಿರಲಿ.

ಖಾಸಗಿ ಯೂನಿವರ್ಸಿಟಿ ಆದರೆ ಕೆಲಸ ಸುಲಭ. ಪಿಸ್ತೂಲು ಬೇಡ ಅನ್ನುವ ಹಕ್ಕನ್ನು ಕಾನೂನೇ ಅವುಗಳಿಗೆ ಕೊಟ್ಟಿದೆ. ಹ್ಯೂಸ್ಟನ್‌ನ ರೈಸ್ ಯೂನಿವರ್ಸಿಟಿ ಸೇರಿದಂತೆ ಹೆಚ್ಚಿನವು ಬೇಡ ಅಂದಿವೆ. ಬೇರೆ ರಾಜ್ಯ ಆದರೆ ನಿಯಮವೂ ಬೇರೆ.

ಕ್ಯಾಂಪಸ್ ಹೊರಗೆ ಮೂರ್ನಾಲ್ಕು ಜನ ಸೇರಿ ಅಪಾರ್ಟ್‌ಮೆಂಟ್ ಹಿಡಿಯುವುದಾದರೆ ಯೂನಿವರ್ಸಿಟಿಯ ನಿಯಮ ಅಲ್ಲಿಗೆ ತಲುಪುವುದಿಲ್ಲ. ಜೊತೆಗಿರುವವರನ್ನೇ ಕೇಳಬೇಕು, ಸಂಕೋಚ ಬೇಡ.

ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಎಫ್-1 ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ರಾಜ್ಯದ ನಿಯಮ ಎಷ್ಟೇ ಸಡಿಲ ಇರಲಿ, ಇದು ಬದಲಾಗುವುದಿಲ್ಲ. ವಾರದ ಕೊನೆಗೆ ಗೆಳೆಯರು ಶೂಟಿಂಗ್ ರೇಂಜ್‌ಗೆ ಕರೆಯುತ್ತಾರೆ, ಒಂದು ಫೋಟೋ ತೆಗೆಸಿಕೊಳ್ಳೋಣ ಅನ್ನಿಸುತ್ತದೆ. ಆ ಫೋಟೋ ಒಂದೇ ಸಾಕು, ವೀಸಾಕ್ಕೆ ಕುತ್ತು ಬರಬಹುದು. ರೂಮ್‌ಮೇಟ್ "ಸ್ವಲ್ಪ ಎತ್ತಿಡು" ಅಂದರೂ ಮುಟ್ಟಬಾರದು. ನಾನು ಮಗಳಿಗೆ ಇದನ್ನು ಕೂರಿಸಿ ಹೇಳಿದೆ, ನೀವೂ ಹೇಳಿ.

ಸುರಕ್ಷತಾ ವರದಿಯನ್ನೂ ಕೇಳಿ. ಹಿಂದಿನ ಮೂರು ವರ್ಷಗಳ ಅಪರಾಧದ ಲೆಕ್ಕವನ್ನು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಯೂನಿವರ್ಸಿಟಿಗಳು ಪ್ರಕಟಿಸಲೇಬೇಕು, 1990ರ ಕ್ಲೆರಿ ಕಾಯ್ದೆ ಹಾಗೆ ಹೇಳುತ್ತದೆ. ತುರ್ತು ಎಚ್ಚರಿಕೆಯ ಮೆಸೇಜ್ ಬರಲು ಮಗಳ ಅಲ್ಲಿನ ಮೊಬೈಲ್ ನಂಬರ್ ಎಲ್ಲಿ ಸೇರಿಸಬೇಕು ಅಂತ ಅದೇ ಮೇಲ್‌ನಲ್ಲಿ ಕೇಳಿಬಿಡಿ.

ವಾರವಾದರೂ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ವಿನಯವಾಗಿ ನೆನಪಿಸಿ. ಫೋನಿನಲ್ಲಿ ಹೇಳಿದ್ದನ್ನೂ ಬರಹದಲ್ಲಿ ಕಳಿಸಿ ಅನ್ನಿ. ಹಾಸ್ಟೆಲ್ ಅಡ್ವಾನ್ಸ್ ಕಟ್ಟುವುದು ಆ ಉತ್ತರ ಓದಿದ ಮೇಲೆ.